ಗಾಡಿ ಚಕ್ರಕ್ಕೆ ಕೊಟ್ಟ ಕಲ್ಲು

ಕಣ್ಣಿನ ಡಾಕ್ಟರಮ್ಮನನ್ನು ಕೇಳಿ: ಓದುಗರ ಪ್ರಶ್ನೆ, ದಾವಣಗೆರೆಯಿಂದ ಉತ್ತರ

ಹೋದ ತಿಂಗಳು ಇಲ್ಲಿ ಕೆರಟೊಕೋನಸ್ ಬಗ್ಗೆ ಒಂದೇ ಒಂದು ಪ್ಯಾರಾ ಬರೆದಿದ್ದೆ. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪದರಕ್ಕೆ ಕಾರ್ನಿಯಾ ಅಂತಾರೆ. ಅದು ತೆಳುವಾಗುತ್ತಾ, ಗೋಪುರದ ಹಾಗೆ ಮುಂದಕ್ಕೆ ಉಬ್ಬುವ ಕಾಯಿಲೆ ಅದು. ಆ ಪ್ಯಾರಾಕ್ಕೆ ಬಂದ ಪತ್ರ ನೋಡಿದರೆ ಈ ತಿಂಗಳು ಬೇರೆ ವಿಷಯಕ್ಕೆ ಜಾಗವೇ ಇಲ್ಲ. ಸಕ್ಕರೆ ಕಾಯಿಲೆಯವರು, ಪೊರೆಯವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಚೀಟಿಯಲ್ಲಿ ಕೆಲವರು ‘ಕ್ರಾಸ್ ಲಿಂಕಿಂಗ್’ ಅಂತ ಬರೆದಿರುತ್ತಾರೆ, ಕೆಲವರು ‘ಸಿ-ತ್ರೀ-ಆರ್’ ಅಂತ. ಎರಡೂ ಒಂದೇ, ಈ ಉಬ್ಬು ಮುಂದುವರಿಯದ ಹಾಗೆ ನಿಲ್ಲಿಸುವ ಚಿಕಿತ್ಸೆಯ ಹೆಸರು.

ನನ್ನ ಮಗನಿಗೆ 16 ವರ್ಷ, ಪಿಯುಸಿ ಮೊದಲ ವರ್ಷ. ಎರಡು ವರ್ಷದಲ್ಲಿ ನಾಲ್ಕು ಸಲ ಕನ್ನಡಕ ಬದಲಾಯಿಸಿದೆವು. ಹೋದ ವಾರ ಸ್ಕ್ಯಾನ್ ಮಾಡಿ, ಎರಡೂ ಕಣ್ಣಿಗೆ ಕೆರಟೊಕೋನಸ್ ಇದೆ, ಬಲಗಣ್ಣಿಗೆ ಬೇಗ ಕ್ರಾಸ್ ಲಿಂಕಿಂಗ್ ಮಾಡಿಸಿ ಅಂದರು. ನಮ್ಮ ಯಜಮಾನರು ಸೆಕೆಂಡ್ ಪಿಯುಸಿ ಮುಗೀಲಿ, ಆಮೇಲೆ ನೋಡೋಣ ಅಂತಾರೆ. ನಮ್ಮತ್ತೆ ಕಣ್ಣಿಗೆ ಕತ್ತರಿ ಹಾಕಿಸಲೇಬೇಡಿ ಅಂತಾರೆ. ಏನು ಮಾಡಲಿ?
— ಒಬ್ಬ ತಾಯಿ, ರಾಣೆಬೆನ್ನೂರು

ಕಾಯಬೇಡಿ ತಾಯಿ. ನಿಮ್ಮ ಯಜಮಾನರಿಗೆ ಈ ಪುಟವನ್ನೇ ಓದಲು ಕೊಡಿ.

ಈ ಕಾಯಿಲೆ ಸಾಮಾನ್ಯವಾಗಿ ಹರೆಯದಲ್ಲಿ ಶುರುವಾಗುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಓಟ ಜೋರು. ನಲವತ್ತರ ಹತ್ತಿರ ಬಂದ ಮೇಲೆ ಹೆಚ್ಚಿನವರಲ್ಲಿ ತಾನಾಗಿ ನಿಧಾನವಾಗುತ್ತದೆ. ನಿಮ್ಮ ಮಗ ಇರುವುದು ಜೋರಾಗಿ ಓಡುವ ವಯಸ್ಸಿನಲ್ಲಿ. ದೊಡ್ಡವರಾಗಿದ್ದರೆ ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿ, ಹೆಚ್ಚಾಗಿದೆಯಾ ನೋಡೋಣ ಅನ್ನುತ್ತಿದ್ದೆ. 16ರ ಹುಡುಗನಿಗೆ, ಅದೂ ಎರಡು ವರ್ಷದಲ್ಲಿ ನಾಲ್ಕು ಕನ್ನಡಕ ಆದವನಿಗೆ, ಆ ಮಾತು ಹೇಳುವುದಿಲ್ಲ. ನಾಲ್ಕು ಕನ್ನಡಕವೇ ಸಾಕ್ಷಿ ಹೇಳುತ್ತಿವೆಯಲ್ಲ.

ಇನ್ನು ಈ ಚಿಕಿತ್ಸೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಸರಿಯಾಗಿ ತಿಳಿದುಕೊಳ್ಳಿ. ಇಳಿಜಾರಿನಲ್ಲಿ ಎತ್ತಿನ ಗಾಡಿ ಜಾರುತ್ತಿದೆ ಅನ್ನಿ. ಯಾರೋ ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಗಾಡಿ ನಿಲ್ಲುತ್ತದೆ, ಎಲ್ಲಿದೆಯೋ ಅಲ್ಲೇ. ವಾಪಸ್ ದಿಬ್ಬ ಹತ್ತುವುದಿಲ್ಲ. ಕ್ರಾಸ್ ಲಿಂಕಿಂಗ್ ಆ ಕಲ್ಲು. ಗಾಡಿ ಇನ್ನೂ ಮೇಲಿರುವಾಗಲೇ ಕೊಟ್ಟರೆ ಲಾಭ ಜಾಸ್ತಿ. ಎರಡನೇ ಪಿಯುಸಿ ಮುಗಿಯುವ ಹೊತ್ತಿಗೆ ಗಾಡಿ ಎಲ್ಲಿರುತ್ತದೋ ಯಾರಿಗೆ ಗೊತ್ತು?

ಕಾರ್ನಿಯಾದ ಒಳಗೆ ಕೊಲಾಜೆನ್ ಅನ್ನುವ ಎಳೆಗಳಿವೆ. ಚಪ್ಪರ ಹಾಕುವಾಗ ಬರೀ ನೆಟ್ಟ ಗಳ ನಿಲ್ಲಿಸಿದರೆ ಅಲ್ಲಾಡುತ್ತದೆ. ಅಡ್ಡ ಗಳ ಇಟ್ಟು ಹಗ್ಗ ಬಿಗಿದರೆ ನಾಲ್ಕು ಜನ ಹತ್ತಿದರೂ ಗಟ್ಟಿ. ಎಳೆಗಳ ನಡುವೆ ಅಂಥ ಅಡ್ಡಕಟ್ಟು ಹಾಕುವುದೇ ಈ ಚಿಕಿತ್ಸೆ. ಹಗ್ಗದ ಕೆಲಸ ಮಾಡುವುದು ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2, ಮತ್ತು ಅದರ ಮೇಲೆ ಬೀಳುವ ಅಲ್ಟ್ರಾವಯಲೆಟ್ ಬೆಳಕು. ಜರ್ಮನಿಯ ಡ್ರೆಸ್ಡೆನ್ ಊರಿನ ವೈದ್ಯರು ಇದನ್ನು ಕಂಡುಹಿಡಿದವರು. 22 ರೋಗಿಗಳ 23 ಕಣ್ಣಿಗೆ ಮಾಡಿ, ಕಾಯಿಲೆ ಮುಂದುವರಿಯುವುದು ನಿಂತಿದೆ ಅಂತ 2003ರಲ್ಲಿ ಬರೆದರು. ಅಮೆರಿಕದ ಸರ್ಕಾರ ಒಪ್ಪಿದ್ದು 2016ರಲ್ಲಿ. ಅಷ್ಟರಲ್ಲಿ ನಮ್ಮ ದೇಶದಲ್ಲಿ ಇದು ಮಾಮೂಲಿ ಚಿಕಿತ್ಸೆ ಆಗಿಹೋಗಿತ್ತು.

ಈಗ ನಿಮ್ಮತ್ತೆಯವರಿಗೆ ಸಮಾಧಾನ ಹೇಳೋಣ. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಸೂಜಿಯೂ ಇಲ್ಲ. ನಿಮ್ಮ ಮಗನ ವಯಸ್ಸಿನವರಿಗೆ ಮರಗಟ್ಟುವ ಡ್ರಾಪ್ಸ್ ಸಾಕು. ರೆಪ್ಪೆ ಮುಚ್ಚದ ಹಾಗೆ ಒಂದು ತಂತಿ ಕ್ಲಿಪ್ ಇಡುತ್ತಾರೆ. ಕಾರ್ನಿಯಾದ ಮೇಲಿನ ಸಿಪ್ಪೆಯಂಥ ಪದರವನ್ನು ನಡುವಿನಲ್ಲಿ ಎಂಟೊಂಬತ್ತು ಮಿಲಿಮೀಟರ್ ಅಗಲಕ್ಕೆ ಮೆಲ್ಲಗೆ ಸರಿಸುತ್ತಾರೆ. ಆಮೇಲೆ ಅರ್ಧ ಗಂಟೆ, ಕೆಲವು ನಿಮಿಷಕ್ಕೊಂದು ಸಲ, ಆ ರೈಬೋಫ್ಲೇವಿನ್‌ನ ಹಳದಿ ಡ್ರಾಪ್ಸ್. ಅದು ಅರಿಶಿನದ ನೀರಿನ ಹಾಗೆ ಕಣ್ಣಿನ ಕೊನೆಯಿಂದ ಇಳಿದು ಕಿವಿಯ ಹಿಂದೆ ಹೋಗಿ ನಿಲ್ಲುತ್ತದೆ. ನಾನು ಹತ್ತಿರ ಕೂತು ನೋಡಿದ್ದೇನೆ, ಒರೆಸಿದ ಹತ್ತಿಯೆಲ್ಲಾ ಹಳದಿ. ಔಷಧಿ ಒಳಗಿಳಿಯಿತೇ ಅಂತ ನೀಲಿ ಬೆಳಕು ಹಾಕಿ ನೋಡಿದರೆ ಕಣ್ಣು ಹಸಿರಾಗಿ ಹೊಳೆಯುತ್ತದೆ. ಆಮೇಲೆ ಯಂತ್ರದ ಬೆಳಕು. ಹಳೆಯ ಪದ್ಧತಿಯಲ್ಲಿ 30 ನಿಮಿಷ. ಈಗ ಬೆಳಕಿನ ಜೋರು ಹೆಚ್ಚಿಸಿ 10 ನಿಮಿಷಕ್ಕೆ ಮುಗಿಸುವವರೂ ಇದ್ದಾರೆ. ಮೇಲ್ಪದರ ತೆಗೆಯದೇ ಮಾಡುವ ವಿಧಾನವೂ ಇದೆ. ಎಳೆ ವಯಸ್ಸಿನ, ಓಡುತ್ತಿರುವ ಕಾಯಿಲೆಗೆ ನನಗೆ ತೆಗೆದು ಮಾಡುವುದರ ಮೇಲೇ ನಂಬಿಕೆ ಜಾಸ್ತಿ.

ನೋವು ಅವತ್ತು ರಾತ್ರಿ ಶುರುವಾಗುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಎರಡು ಮೂರು ದಿನ ಕಣ್ಣಿಗೆ ಮೆಣಸಿನಪುಡಿ ಬಿದ್ದ ಹಾಗೆ ಉರಿ, ನೀರು, ಬೆಳಕು ಕಂಡರೆ ಆಗುವುದಿಲ್ಲ. ಮೇಲೊಂದು ಬ್ಯಾಂಡೇಜ್ ಲೆನ್ಸ್, ಅಂದರೆ ಗಾಯ ಮುಚ್ಚುವ ಮೆತ್ತನೆ ಲೆನ್ಸ್, ಹಾಕಿರುತ್ತಾರೆ. ಸಿಪ್ಪೆ ಮತ್ತೆ ಬೆಳೆದ ಮೇಲೆ, ನಾಲ್ಕೈದು ದಿನಕ್ಕೆ, ಡಾಕ್ಟರೇ ತೆಗೆಯುತ್ತಾರೆ. ಅದು ಉದುರಿಬಿದ್ದರೆ ನೀವು ಎತ್ತಿ ಹಾಕಬೇಡಿ, ಫೋನ್ ಮಾಡಿ. ಮೂರು ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಕಣ್ಣು ಕೆಂಪಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ತೋರಿಸಿ. ಸೋಂಕು ಅಪರೂಪ, ಆದರೆ ಬಂದರೆ ತಮಾಷೆಯಲ್ಲ. ಡ್ರಾಪ್ಸ್ ಮುಟ್ಟುವ ಮೊದಲು ಕೈ ಸೋಪಿನಲ್ಲಿ ತೊಳೆಯಿರಿ. ತಲೆ ಸ್ನಾನ ಡಾಕ್ಟರು ಹೇಳುವ ತನಕ ಬೇಡ.

ಪರೀಕ್ಷೆ? ಒಂದು ವಾರ ಕಾಲೇಜಿಗೆ ರಜೆ ಹಾಕಿದರೆ ಆಯಿತು. ದಸರಾ ರಜೆಗೆ ಇಟ್ಟುಕೊಳ್ಳಿ, ಬೇಕಿದ್ದರೆ. ಅದಕ್ಕಿಂತ ಮುಂದಕ್ಕೆ ಹಾಕಬೇಡಿ. ಎಡಗಣ್ಣನ್ನೂ ಮರೆಯಬೇಡಿ. ಈ ಕಾಯಿಲೆ ಎರಡೂ ಕಣ್ಣಿಗೆ ಬರುವುದೇ ಹೆಚ್ಚು, ಒಂದು ಮುಂದೆ ಒಂದು ಹಿಂದೆ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. 1996ರ ಸುಮಾರು. ನಾನು ಆಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಒಬ್ಬ ಹುಡುಗ ಆರು ತಿಂಗಳಿಗೊಮ್ಮೆ ಬರುತ್ತಿದ್ದ. ಪ್ರತಿ ಸಲ ಸಿಲಿಂಡರ್ ಪವರ್, ಅಂದರೆ ಓರೆ ಉಬ್ಬಿಗೆ ಕೊಡುವ ಕನ್ನಡಕದ ನಂಬರ್, ಜಾಸ್ತಿ. ಪ್ರತಿ ಸಲ ನಾನು ಹೊಸ ನಂಬರ್ ಬರೆದುಕೊಟ್ಟೆ. ಮೂರನೇ ಸಲ ‘ಸರಿಯಾಗಿ ನೋಡಿ ಹೇಳೋ, ಸುಮ್ನೆ ಬಾಯಿಗೆ ಬಂದ ಅಕ್ಷರ ಓದಬೇಡ’ ಅಂತ ಗದರಿದ್ದೆ. ಚಂದ್ರ ಮೂರು ನಾಲ್ಕು ಕಾಣಿಸುತ್ತಾನೆ ಅಂತ ಅವನು ಹೇಳಿದ್ದ. ಅದನ್ನು ಕೇಳಿ ನಗುವ ಬದಲು ಕಣ್ಣೊಳಗೆ ಬೆಳಕು ಹಾಯಿಸಿ ನಂಬರ್ ನೋಡುವ ರೆಟಿನೊಸ್ಕೋಪ್ ಬೆಳಕನ್ನು ಇನ್ನೊಂದು ನಿಮಿಷ ಹಿಡಿದು ನೋಡಬೇಕಿತ್ತು. ಈ ಕಾಯಿಲೆ ಇದ್ದರೆ ಕಣ್ಣೊಳಗಿನ ಬೆಳಕು ಕತ್ತರಿಯ ಎರಡು ಅಲಗಿನ ಹಾಗೆ ತೆರೆದು ಮುಚ್ಚುತ್ತದೆ. ನಿಮ್ಮತ್ತೆಯವರು ಹೆದರಿದ ಕತ್ತರಿ ಇಲ್ಲಿರುವುದು ಅದೊಂದೇ. ಆಗ ಕ್ರಾಸ್ ಲಿಂಕಿಂಗ್ ನಮ್ಮಲ್ಲಿ ಇರಲಿಲ್ಲ, ನಿಜ. ಆದರೂ ಅವನಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಎರಡು ವರ್ಷ ಮೊದಲೇ ಸಿಗುತ್ತಿತ್ತು. ಕಣ್ಣು ತಿಕ್ಕಬೇಡ ಅಂತ ಹೇಳುವವರೊಬ್ಬರು ಇರುತ್ತಿದ್ದರು. ಕೊನೆಗೆ ಅವನಿಗೆ ಒಂದು ಕಣ್ಣಿಗೆ ಕಾರ್ನಿಯಾ ಕಸಿ ಆಯಿತು.

ನಿಮ್ಮ ಮಗನ ಕಾಯಿಲೆ ಪತ್ತೆ ಆಗಿದೆ, ತಾಯಿ. ದೊಡ್ಡ ಕೆಲಸ ಮುಗಿದಿದೆ.

ಆರು ವಾರದ ಹಿಂದೆ ಎಡಗಣ್ಣಿಗೆ ಕ್ರಾಸ್ ಲಿಂಕಿಂಗ್ ಆಯಿತು. ಮೊದಲಿಗಿಂತ ಈಗಲೇ ಮಬ್ಬು. ಮಾನಿಟರ್‌ನಲ್ಲಿ ಅಕ್ಷರಕ್ಕೆ ನೆರಳು. ದುಡ್ಡು ಕೊಟ್ಟು ಕಣ್ಣು ಕೆಡಿಸಿಕೊಂಡೆನಾ? ವಯಸ್ಸು 24.
— ಬೆಂಗಳೂರು

ಇಲ್ಲ. ಆದರೆ ನಿಮಗೆ ಮೊದಲೇ ಯಾರೂ ಸರಿಯಾಗಿ ಹೇಳಲಿಲ್ಲ ಅಂತ ಕಾಣುತ್ತದೆ. ಅದಕ್ಕೆ ನನಗೂ ಬೇಜಾರು.

ಈ ಚಿಕಿತ್ಸೆ ಆದ ಮೇಲೆ ಮೊದಲ ಕೆಲವು ವಾರ ದೃಷ್ಟಿ ಕಡಿಮೆಯಾಗುವುದು ಮಾಮೂಲು. ಕಾರ್ನಿಯಾದ ಒಳಗೆ ತೆಳುವಾದ ಮಂಜು ಕಟ್ಟುತ್ತದೆ, ಚಳಿಗಾಲದ ಬೆಳಿಗ್ಗೆ ಬಸ್ಸಿನ ಗಾಜಿನ ಮೇಲೆ ಕೂರುವ ಹಾಗೆ. ಹೆಚ್ಚಿನವರಲ್ಲಿ ಮೂರು ತಿಂಗಳ ಹೊತ್ತಿಗೆ ಕರಗತೊಡಗುತ್ತದೆ, ಪೂರ್ತಿ ಹೋಗಲು ಇನ್ನಷ್ಟು ಕಾಲ ಬೇಕಾಗಬಹುದು. ಸ್ಕ್ಯಾನ್‌ನಲ್ಲೂ ಮೊದಲ ತಿಂಗಳು ಉಬ್ಬು ಸ್ವಲ್ಪ ಹೆಚ್ಚಾದಂತೆ ಕಾಣಬಹುದು. ಅದನ್ನು ನೋಡಿ ಫೇಲ್ ಆಯಿತು ಅಂದುಕೊಳ್ಳಬೇಡಿ. ಲೆಕ್ಕ ಹಾಕುವುದು ಆರು ತಿಂಗಳು, ಒಂದು ವರ್ಷದ ಸ್ಕ್ಯಾನ್‌ನಿಂದ. ಕೆಲವರಿಗೆ ಅಷ್ಟರಲ್ಲಿ ಉಬ್ಬು ಒಂದೆರಡು ಡಯಾಪ್ಟರ್ (ಕನ್ನಡಕದ ನಂಬರ್ ಅಳೆಯುವ ಮಾನವೇ) ತಗ್ಗಿರುತ್ತದೆ. ಅದು ಬೋನಸ್. ಸಂಬಳ ಏನಂದರೆ, ಹೆಚ್ಚಾಗದೇ ನಿಲ್ಲುವುದು.

ಈ ವಾರವೇ ಹೊಸ ಕನ್ನಡಕ ಮಾಡಿಸಬೇಡಿ. ಇನ್ನೆರಡು ತಿಂಗಳಲ್ಲಿ ನಂಬರ್ ಬದಲಾಗಿ ದುಡ್ಡು ದಂಡ. ಸ್ಟೆರಾಯ್ಡ್ ಡ್ರಾಪ್ಸ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಹಾಕಿ, ಹೇಳಿದ ದಿನ ನಿಲ್ಲಿಸಿ, ನಡುವೆ ಕಣ್ಣಿನ ಒತ್ತಡ ನೋಡಿಸಿ.

ಆಮೇಲೆ ನೆರಳು ಹೋಗದಿದ್ದರೆ ಕನ್ನಡಕದ ಮೇಲೆ ಹಟ ಮಾಡಬೇಡಿ. ಕನ್ನಡಕ ಈ ಕಾಯಿಲೆಯಲ್ಲಿ ಒಂದು ಮಟ್ಟಕ್ಕೆ ಮಾತ್ರ ಕೆಲಸ ಮಾಡುತ್ತದೆ. ಗುಂಡಿ ಬಿದ್ದ ರಸ್ತೆಗೆ ನೀರು ತುಂಬಿದರೆ ಮೇಲೆ ಸಮ ಕಾಣುತ್ತದಲ್ಲ, ಸ್ಕ್ಲೀರಲ್ ಲೆನ್ಸ್ ಮಾಡುವುದೂ ಅಷ್ಟೇ. ದೊಡ್ಡ ಲೆನ್ಸ್. ಕಾರ್ನಿಯಾವನ್ನು ಮುಟ್ಟದೇ ಬಿಳಿಗುಡ್ಡೆಯ ಮೇಲೆ ಕೂರುತ್ತದೆ. ನಡುವೆ ಶುದ್ಧ ಸಲೈನ್ ತುಂಬಿ ಹಾಕಬೇಕು. ಮೊದಲ ದಿನ ಹಾಕಲು ಮುಕ್ಕಾಲು ಗಂಟೆ ಒದ್ದಾಡಿ ‘ನನ್ನ ಕೈಲಿ ಆಗಲ್ಲ ಮೇಡಂ’ ಅಂದವಳೊಬ್ಬಳು ಈಗ ಕನ್ನಡಿ ಇಲ್ಲದೇ ಹಾಕುತ್ತಾಳೆ. ಬೆಲೆ ಮಾತ್ರ ಜಾಸ್ತಿ, ಮೊದಲೇ ಕೇಳಿಕೊಳ್ಳಿ. ಲೆನ್ಸ್‌ಗೆ ಸಲೈನ್ ಬದಲು ನಲ್ಲಿ ನೀರು ಮಾತ್ರ ಯಾವತ್ತೂ ಹಾಕಬೇಡಿ.

ನಾನು ಟೈಲರ್, 39 ವರ್ಷ. ಹತ್ತು ವರ್ಷದಿಂದ ಕೆರಟೊಕೋನಸ್ ಇದೆ. ಮೂರು ವರ್ಷದ ಸ್ಕ್ಯಾನ್ ಕಳಿಸಿದ್ದೇನೆ. ಹೊಸದಾಗಿ ತೋರಿಸಿದ ಕಡೆ, ಈಗಲೇ ಕ್ರಾಸ್ ಲಿಂಕಿಂಗ್ ಮಾಡಿಸದಿದ್ದರೆ ಕುರುಡಾಗುತ್ತೀರಿ ಅಂದರು.
— ಹುಬ್ಬಳ್ಳಿ

ನಿಮ್ಮ ಮೂರು ಹಾಳೆಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಕೆ-ಮ್ಯಾಕ್ಸ್ ಅಂತ ಇರುತ್ತದೆ, ಉಬ್ಬಿನ ಅತಿ ಕಡಿದಾದ ಜಾಗದ ಅಳತೆ. ನಿಮ್ಮದು 51.2, 51.4, 51.1. ಮೂರೂ ಒಂದೇ ಯಂತ್ರದಲ್ಲಿ ತೆಗೆದದ್ದು. ಒಂದು ವರ್ಷದಲ್ಲಿ ಒಂದು ಡಯಾಪ್ಟರ್ ಏರಿದರೆ ನಾವು ಕಿವಿ ನಿಮಿರಿಸುತ್ತೇವೆ. ಇಷ್ಟು ಸಣ್ಣ ಹೆಚ್ಚುಕಮ್ಮಿ ಯಂತ್ರದ್ದೇ. ದಪ್ಪವೂ ಹಾಗೇ ಇದೆ.

ನಿಂತ ಗಾಡಿಗೆ ಕಲ್ಲು ಯಾಕೆ? ಈಗ ಬೇಡ. ವರ್ಷಕ್ಕೊಂದು ಸ್ಕ್ಯಾನ್, ಸಾಧ್ಯವಾದರೆ ಅದೇ ಯಂತ್ರದಲ್ಲಿ. ‘ಕುರುಡಾಗುತ್ತೀರಿ’ ಅನ್ನುವ ಮಾತು ಹೆದರಿಸುವ ಮಾತು. ಈ ಕಾಯಿಲೆಯಿಂದ ಪೂರ್ತಿ ಕತ್ತಲಾಗುವುದಿಲ್ಲ. ಮಂಜಾಗುತ್ತದೆ, ಅದಕ್ಕೆ ದಾರಿಗಳಿವೆ. ಸೂಜಿಗೆ ದಾರ ಪೋಣಿಸುವುದು ಕಷ್ಟ ಅಂತ ಬರೆದಿದ್ದೀರಿ. ನಿಮ್ಮ ವಯಸ್ಸಿಗೆ ಹತ್ತಿರದ ಚಾಳೀಸೂ ಶುರುವಾಗುತ್ತಿರುತ್ತದೆ, ಅದನ್ನೂ ಇದರ ತಲೆಗೆ ಕಟ್ಟಬೇಡಿ. ಗಟ್ಟಿ ಲೆನ್ಸ್, ಮೇಲೊಂದು ಓದುವ ಕನ್ನಡಕ ಪ್ರಯತ್ನಿಸಿ.

ಎಲ್ಲರಿಗೂ ಹೇಳುತ್ತೇನೆ, ಹಳೆಯ ಸ್ಕ್ಯಾನ್ ಹಾಳೆ, ಹಳೆಯ ಕನ್ನಡಕದ ಚೀಟಿ ಎಸೆಯಬೇಡಿ. ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಿ. ಚಿಕಿತ್ಸೆ ಬೇಕೋ ಬೇಡವೋ ಅಂತ ಹೇಳುವುದು ಹೋದ ವರ್ಷದ ಹಾಳೆ.

ನಾನು ಮಸ್ಕತ್‌ನಲ್ಲಿದ್ದೇನೆ, ಊರು ಕಾರ್ಕಳ. ಮೂರು ತಿಂಗಳ ಬಸುರಿ. ಕಾರ್ನಿಯಾ ದಪ್ಪ 385 ಮೈಕ್ರಾನ್ ಅಂತೆ. ತುಂಬಾ ತೆಳು, ಕ್ರಾಸ್ ಲಿಂಕಿಂಗ್ ಆಗುವುದಿಲ್ಲ ಅಂತಾರೆ. ಊರಿಗೆ ಬಂದು ಮಾಡಿಸಲಾ?

ಈಗ ಬರಬೇಡಿ. ಬಸುರಿಯಲ್ಲಿ, ಹಾಲುಣಿಸುವಾಗ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ಆದರೆ ಈ ತಿಂಗಳುಗಳಲ್ಲಿ ಕಾಯಿಲೆ ಮುಂದುವರಿಯುವ ಸಾಧ್ಯತೆ ಇರುವುದರಿಂದ ಕಣ್ಣು ತೋರಿಸುತ್ತಾ ಇರಿ.

ದಪ್ಪದ ವಿಷಯ. ಸಾಮಾನ್ಯ ಕಾರ್ನಿಯಾ ನಡುವಿನಲ್ಲಿ ಸುಮಾರು 540 ಮೈಕ್ರಾನ್, ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೇಲ್ಪದರ ತೆಗೆದ ಮೇಲೂ 400 ಉಳಿಯಬೇಕು ಅನ್ನುವುದು ಹಳೆಯ ನಿಯಮ. ಯಾಕಂದರೆ ಕಾರ್ನಿಯಾದ ಅತಿ ಒಳಗಿನ ಪದರದ ಜೀವಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಳದಿ ಔಷಧಿ ಬೆಳಕನ್ನು ಹೀರಿಕೊಂಡು ಅಲ್ಲಿಯವರೆಗೆ ಹೋಗದ ಹಾಗೆ ತಡೆಯುತ್ತದೆ, ಆದರೆ ಅದಕ್ಕೆ ಅಷ್ಟು ದಪ್ಪ ಬೇಕು. ಈಗ ತೆಳು ಕಣ್ಣಿಗೂ ದಾರಿಗಳಿವೆ. ನೀರಿನಂಶ ಹೆಚ್ಚಿರುವ ರೈಬೋಫ್ಲೇವಿನ್ ಹಾಕಿ ಕಾರ್ನಿಯಾವನ್ನು ಸ್ವಲ್ಪ ಹೊತ್ತು ಉಬ್ಬಿಸಿಕೊಂಡು ಮಾಡುವುದು ಅದರಲ್ಲೊಂದು. ಹೆರಿಗೆ ಆಗಿ, ಮಗು ಹಾಲು ಬಿಟ್ಟ ಮೇಲೆ, ಕಾರ್ನಿಯಾ ವಿಭಾಗವೇ ಪ್ರತ್ಯೇಕವಾಗಿ ಇರುವ ಆಸ್ಪತ್ರೆಯಲ್ಲಿ ಕೇಳಿ.

ವಿಟಮಿನ್ ಬಿ2 ಅಲ್ವಾ? ಮಾತ್ರೆ ನುಂಗಿ ಬೆಳಿಗ್ಗೆ ಬಿಸಿಲಿಗೆ ನಿಂತರೆ ಆಗೋದಿಲ್ವಾ?
— ಚಿತ್ರದುರ್ಗ

ಜಾಣ ಪ್ರಶ್ನೆ. ಉತ್ತರ: ಆಗೋದಿಲ್ಲ. ಮೊಸರು ಒಡೆದಾಗ ಮೇಲೆ ನಿಲ್ಲುವ ತಿಳಿನೀರು ನಸು ಹಸಿರು ಹಳದಿ ಇರುತ್ತದೆ ನೋಡಿ, ಆ ಬಣ್ಣ ರೈಬೋಫ್ಲೇವಿನ್‌ದೇ. ಕುಡಿಯಿರಿ, ಹೊಟ್ಟೆಗೆ ಒಳ್ಳೆಯದು. ಆದರೆ ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಮೇಲಿನಿಂದ ಹನಿ ಹಾಕಿ ನೆನೆಸಬೇಕು, ಅಳತೆ ಮಾಡಿದ ಬೆಳಕು ಕೊಡಬೇಕು. ಸೂರ್ಯನನ್ನು ದಿಟ್ಟಿಸಿದರೆ ಹಿಂದಿನ ರೆಟಿನಾ ಸುಟ್ಟುಕೊಳ್ಳುತ್ತೀರಿ.

ಕ್ರಾಸ್ ಲಿಂಕಿಂಗ್ ಆದ ಮೇಲೆ ಲೇಸಿಕ್ ಮಾಡಿಸಿ ಕನ್ನಡಕ ಬಿಡಬಹುದಾ?
— ಮೈಸೂರು

ಬೇಡ. ತೆಳುವಾದದ್ದನ್ನು ಇನ್ನೂ ಕೆತ್ತುವುದು ಲೇಸಿಕ್.

ನಮ್ಮಣ್ಣನಿಗೆ ಕಣ್ಣಿನಲ್ಲಿ ಕಲೆ ಬಿದ್ದಿದೆ, ಕ್ರಾಸ್ ಲಿಂಕಿಂಗ್ ಕಾಲ ಮೀರಿದೆ, ಕಸಿಯೇ ಗತಿ ಅಂದರು. ಪೂರ್ತಿ ಕಣ್ಣು ಬದಲಾಯಿಸುತ್ತಾರಾ?
— ಶಿಕಾರಿಪುರ

ಕಣ್ಣು ಬದಲಾಯಿಸುವುದಿಲ್ಲಮ್ಮ, ಕಾರ್ನಿಯಾ ಮಾತ್ರ. ಅದರಲ್ಲೂ ಕೆರಟೊಕೋನಸ್‌ನಲ್ಲಿ ಅತಿ ಒಳಗಿನ ಪದರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದನ್ನು ಹಾಗೇ ಬಿಟ್ಟು ಮುಂದಿನ ಪದರಗಳನ್ನಷ್ಟೇ ಬದಲಾಯಿಸಬಹುದು. ದೇಹ ಹೊಸದನ್ನು ತಳ್ಳಿಹಾಕುವ ಭಯ ಆಗ ಕಡಿಮೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಕೇಳಿದ್ದೀರಲ್ಲ, ಅದು ಹೀಗೇ. ಕಾರ್ನಿಯಾದ ಮುಂಪದರ ಇಬ್ಬರಿಗೆ, ಹಿಂಪದರ ಇಬ್ಬರಿಗೆ. ಅಣ್ಣನಿಗೆ ಯಾವ ಬಗೆಯ ಕಸಿ ಅಂತ ಡಾಕ್ಟರನ್ನು ಬಿಡಿಸಿ ಕೇಳಿ. ಕಸಿಗೆ ಮೊದಲು ಸ್ಕ್ಲೀರಲ್ ಲೆನ್ಸ್ ಹಾಕಿ ನೋಡಿದ್ದಾರಾ, ಅದನ್ನೂ ಕೇಳಿ.

ಮಗಳಿಗೆ 12 ವರ್ಷ. ಗೋವಿನಜೋಳ ಒಕ್ಕುವ ಕಾಲ ಬಂದರೆ ಕಣ್ಣು ಕೆಂಪು, ತುರಿಕೆ. ಎಷ್ಟು ಹೇಳಿದರೂ ತಿಕ್ಕುತ್ತಾಳೆ. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿದರೆ ಮೂರು ದಿನ ತಣ್ಣಗೆ, ಆಮೇಲೆ ಅದೇ. ಅವಳಿಗೂ ಇದು ಬರುತ್ತಾ?
— ಹರಿಹರ

ಬಂದೇ ಬರುತ್ತದೆ ಅಂತಲ್ಲ. ಆದರೆ ಅಲರ್ಜಿ ಇದ್ದು ಜೋರಾಗಿ ತಿಕ್ಕುವ ಮಕ್ಕಳಲ್ಲಿ ಇದು ಜಾಸ್ತಿ. ಹೇಗೆ ತಿಕ್ಕುತ್ತಾಳೆ ನೋಡಿ. ಬೆರಳಿನ ತುದಿಯಿಂದ ಒರೆಸುವುದು ಬೇರೆ. ಮುಷ್ಟಿ ಮಾಡಿ ಗೆಣ್ಣಿನಿಂದ ಒತ್ತಿ ತಿರುಗಿಸುತ್ತಾಳಾ? ಅದೇ ಕೆಟ್ಟದ್ದು. ಒಮ್ಮೆ ಕಾರ್ನಿಯಾ ಸ್ಕ್ಯಾನ್ ಮಾಡಿಸಿ.

ಮೂರು ದಿನಕ್ಕೆ ತಣ್ಣಗಾಗುವ ಆ ಡ್ರಾಪ್ಸ್ ಬಾಟಲಿ ತಿರುಗಿಸಿ ಓದಿ. ಡೆಕ್ಸಮೆಥಸೋನ್, ಬೀಟಾಮೆಥಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಡಾಕ್ಟರು ನೋಡದೇ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ (ಕಣ್ಣಿನ ಒತ್ತಡ ಏರಿ ನರ ಕೆಡುವ ಕಾಯಿಲೆ), ಪೊರೆ ಎರಡೂ ಬರಬಹುದು. ಇನ್ನೂ ಹಾಕುತ್ತಿದ್ದರೆ ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಅಲರ್ಜಿಗೆಂದೇ ಬೇರೆ ಡ್ರಾಪ್ಸ್ ಇವೆ, ದಿನಾ ಹಾಕುವಂಥದ್ದು, ಬರೆಸಿಕೊಳ್ಳಿ. ತುರಿಕೆ ಬಂದಾಗ ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡಿ. ಕಣದ ಕಡೆ ಹೋದರೆ ಕನ್ನಡಕ ಹಾಕಿಸಿ, ಮನೆಗೆ ಬಂದ ಕೂಡಲೇ ಮುಖ ತೊಳೆಸಿ.

ನಿದ್ದೆಯಲ್ಲೂ ತಿಕ್ಕುತ್ತಾಳೆ ಅಂತ ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಅವಳ ತಾತನಿಗೆ ಪೊರೆ ಆಪರೇಷನ್ ಆಗಿದೆ ಅಂತಲೂ ಇದೆ. ಆಗ ರಾತ್ರಿ ಕಟ್ಟಿಕೊಳ್ಳಲು ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿರುತ್ತಾರೆ, ಬೀರುವಿನಲ್ಲಿ ಹುಡುಕಿ. ಸೋಪು ಹಾಕಿ ತೊಳೆದು, ಒಣಗಿಸಿ, ಮಲಗುವ ಮೊದಲು ಒಂದು ಕಣ್ಣಿಗೆ ಅಂಟಿಸಿ. ಇನ್ನೊಂದು ಕಣ್ಣಿಗೆ ಮೆಡಿಕಲ್ ಶಾಪಿನಲ್ಲಿ ಒಂದು ತನ್ನಿ. ಡ್ರಾಪ್ಸ್ ಬದಲು ಅದನ್ನು ತಂದರೆ ಸಾಕಿತ್ತು.